ಮಂಡಿ ನೋವಿನವರಿಗೂ ದಿನಕ್ಕೆರಡು ಪುಟ

ಮಾನ್ಯ ಸಂಪಾದಕರೇ,

ನಿವೃತ್ತಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಠೇವಣಿ, ಬಡ್ಡಿ, ವಿಮೆಯ ಲೆಕ್ಕ. ಅದು ಮುಗಿದರೆ ಬೆಳಗಿನ ವಾಕಿಂಗ್ ಮತ್ತು ತೀರ್ಥಯಾತ್ರೆಯ ಸಲಹೆ. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ದುಡ್ಡಿನ ಜತೆ ಕಾಲೂ ಬೇಕು. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಅಂಥ ಪಿಂಚಣಿಯಲ್ಲಿ ದಿನ ದೂಡುವ, ಮಂಡಿ ಸವೆದು ಮೆಟ್ಟಿಲು ಇಳಿಯಲಾಗದವರಿಗೆ ಈ ಸಲಹೆಗಳಿಂದ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಕೂತಲ್ಲೇ ಆಗುವ, ಅರ್ಧ ಗಂಟೆಯ ತುಂಡುಗಳಲ್ಲಿ ಮುಗಿಯುವ, ನಾಲ್ಕು ದಿನ ಮಲಗಿ ಎದ್ದರೂ ಬಿಟ್ಟಲ್ಲೇ ಕಾದಿರುವ ಕೆಲಸ. ಹಳೆಯ ಕನ್ನಡ ಪುಸ್ತಕಗಳ ಕರಡು ತಿದ್ದುವುದು ಅಂಥದ್ದು.

ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕಳೆಯಬೇಕು. ಹೀಗಾಗಿ 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹ 2024ರ ಜನವರಿ 1ಕ್ಕೆ ಮುಕ್ತವಾಯಿತು. ಸ್ಕ್ಯಾನ್ ಪುಟವನ್ನು ಯಂತ್ರ ಓದಿ ಅಕ್ಷರ ಮಾಡಿಕೊಡುತ್ತದೆ, ಆದರೆ ತಪ್ಪು ತಪ್ಪಾಗಿ. ತಿದ್ದುವವರು ಮನುಷ್ಯರೇ ಆಗಬೇಕು. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಮತ್ತೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲಾಗದು. ಖಾತೆ ತೆರೆದು ಲಾಗಿನ್ ಆಗದಿದ್ದರೆ ಗುರುತು ಬದಲಿಸುವ ಗುಂಡಿಯೇ ಕಾಣದು. ಖಾತೆಗೆ ದುಡ್ಡಿಲ್ಲ.

ಯಂತ್ರ ಎಡವುವ ಜಾಗಗಳು ಕೆಲವೇ, ಗೊತ್ತಾದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಅರ್ಕಾವೊತ್ತನ್ನು ಅದು ಕನ್ನಡದ ಒಂಬತ್ತೆಂದು ಓದುತ್ತದೆ: ‘ಧರ್ಮ’ ಹೋಗಿ ‘ಧಮ೯’ ಆಗಿರುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂತಿರುತ್ತದೆ. ನೋಡಲು ಎರಡೂ ಒಂದೇ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ, ಅಂಧರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ಅಲ್ಲಿ ತಡವರಿಸುತ್ತದೆ. ಆಮೇಲೆ ಪ–ವ–ಷ, ಥ–ಧ, ಘ–ಫ. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ತುಂಡಾದ ಪದವನ್ನು ಕೂಡಿಸಬೇಕು. ಪುಟಸಂಖ್ಯೆ ಪಠ್ಯದೊಳಗೆ ಉಳಿಯಬಾರದು, ಅದಕ್ಕೆ ತಲೆಬರಹದ ಬೇರೆ ಚೌಕವಿದೆ.

ಹೆಚ್ಚು ತಪ್ಪುವವರು, ಹೇಳಿದರೆ ಬೇಸರವಾದೀತು, ನಿವೃತ್ತ ಮೇಷ್ಟ್ರುಗಳು! ಕೈಗೆ ಕೆಂಪು ಶಾಯಿಯ ಅಭ್ಯಾಸ. ಹಳೆಯ ಧಾರವಾಡದ ಮುದ್ರಣದಲ್ಲಿ ‘ಮಾಡುವದು’ ಎಂದಿದ್ದರೆ ಅದನ್ನು ‘ಮಾಡುವುದು’ ಮಾಡಿಬಿಡುತ್ತಾರೆ. ಇಲ್ಲಿ ತಿದ್ದಬೇಕಾದದ್ದು ಯಂತ್ರದ ತಪ್ಪನ್ನು, ಲೇಖಕರ ಕಾಗುಣಿತವನ್ನಲ್ಲ. ಅಚ್ಚಿನಲ್ಲಿ ಹಳಗನ್ನಡದ ಱ, ೞ ಇದ್ದರೆ ಅವೂ ಹಾಗೇ ಉಳಿಯಬೇಕು.

ಕಚೇರಿಯಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದವರಿಗೆ ಕೀಲಿಮಣೆ ಹೊಸತಲ್ಲ. ಬರೆಯುವ ಚೌಕದ ಬಳಿಯ ಇನ್‌ಪುಟ್ ಆಯ್ಕೆಯಲ್ಲಿ ನುಡಿ ವಿನ್ಯಾಸವೂ ಇದೆ. ಆದರೆ ಹಳೆಯ ನುಡಿ ಫಾಂಟಿನ ಕಡತದಿಂದ ಪಠ್ಯವನ್ನು ನಕಲಿಸಿ ಅಂಟಿಸಬಾರದು: ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಕೈನಡುಕ ಇರುವವರು ಮೊಬೈಲಿನಲ್ಲಿ ಹೇಳಿ ಬರೆಸಬಹುದು. ಬಿಟ್ಟುಹೋದ ಸಾಲು ಸೇರಿಸಲು ಅದು ಸಾಕು, ಹಳೆಯ ಪದ ಬಂದಾಗ ಮಾತ್ರ ಯಂತ್ರ ಇಂದಿನ ಪದ ಹಾಕಿಬಿಡುತ್ತದೆ.

ಮೈಯ ಮಾತು. ತಿದ್ದುವಾಗ ಎಡಕ್ಕೆ ಪಠ್ಯ, ಬಲಕ್ಕೆ ಪುಟದ ಚಿತ್ರ ಇರುತ್ತದೆ. ಗಂಟೆಗಟ್ಟಲೆ ಕತ್ತು ಅತ್ತಿತ್ತ ತಿರುಗಿಸಿದರೆ ಕತ್ತುನೋವಿನವರು ವಾರದೊಳಗೆ ಕೈಬಿಡುತ್ತಾರೆ. ಚಿತ್ರ ಮೇಲೆ, ಪಠ್ಯ ಕೆಳಗೆ ಬರುವಂತೆ ಬದಲಿಸುವ ಗುಂಡಿ ಅಲ್ಲೇ ಇದೆ. ಕಣ್ಣು ಮಂಜಾದವರು ಕಂಟ್ರೋಲ್ ಮತ್ತು ಪ್ಲಸ್ ಕೀಲಿ ಒಟ್ಟಿಗೆ ಒತ್ತಿ ಅಕ್ಷರವನ್ನು ಶೇ 150ರವರೆಗೆ ದೊಡ್ಡದು ಮಾಡಿಕೊಳ್ಳಲಿ, ಪರದೆಯನ್ನು ಒಂದು ತೋಳಳತೆ ದೂರ ಇಟ್ಟುಕೊಳ್ಳಲಿ. ಹೊಸಬರಿಗೆ ಒಂದು ಪುಟಕ್ಕೆ ಸುಮಾರು 20 ನಿಮಿಷ. ದಿನಕ್ಕೆ ಎರಡೇ ಪುಟ, ವಾರಕ್ಕೆ ಆರು ದಿನ ಎಂದರೂ 120 ಪುಟದ ಪುಸ್ತಕ ಹತ್ತು ವಾರಕ್ಕೆ ಮುಗಿಯುತ್ತದೆ. ಮೊದಲ ವಾರದ ಹುಮ್ಮಸ್ಸಿಗೆ ದಿನಕ್ಕೆ ಹದಿನೈದು ಪುಟ ಮಾಡುವವರು ಎರಡನೆಯ ತಿಂಗಳಿಗೆ ಕಾಣಿಸುವುದಿಲ್ಲ.

ಕಂಪ್ಯೂಟರ್ ಒಗ್ಗದವರಿಗೆ ದನಿ ಇದೆ: ಅಂಧ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಬಹುದು. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಇಡಿ. ಪುಟಸಂಖ್ಯೆ ಹೇಳಿ, ಚಿತ್ರ ಬಂದರೆ ಅದರಲ್ಲಿ ಏನಿದೆ ಎಂದು ವಿವರಿಸಿ. ಒಂದು ಕಡತ 20 ನಿಮಿಷ ಮೀರದಿರಲಿ. ಇದೇ ವಿದ್ಯಾರ್ಥಿಗಳು ಹೇಳುವ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡಲು ಉತ್ಸಾಹದಿಂದ ಹೊರಡುವ ಪದವೀಧರರು ಮೊದಲು ನಿಯಮ ಕೇಳಿಕೊಳ್ಳಬೇಕು: ಬರೆದುಕೊಡುವವರ ಓದು ಅಭ್ಯರ್ಥಿಗಿಂತ ಕಡಿಮೆ ಇರಬೇಕೆಂದು ಅನೇಕ ಪರೀಕ್ಷೆಗಳಲ್ಲಿ ಕೇಳುತ್ತಾರೆ. ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ ಸೇರಿದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಪದೇ ಪದೇ ಎದ್ದು ಹೋಗಬೇಕಾದ ಸಕ್ಕರೆ ಕಾಯಿಲೆಯವರು ಅದನ್ನು ಒಪ್ಪಿಕೊಂಡು ಮಧ್ಯದಲ್ಲಿ ಪೇಚಿಗೆ ಸಿಕ್ಕಿಬಿದ್ದರೆ ನಷ್ಟ ವಿದ್ಯಾರ್ಥಿಗೆ.

ಗ್ರಂಥಾಲಯ ಇಲಾಖೆಗೂ ಗ್ರಾಮ ಪಂಚಾಯಿತಿಗಳಿಗೂ ಒಂದು ಬೇಡಿಕೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಆದರೆ ಹತ್ತು ಹೆಜ್ಜೆ ನಡೆಯಬಲ್ಲ ಹಿರಿಯರಿದ್ದಾರೆ. ಕಂಪ್ಯೂಟರ್ ಇರುವ ಅರಿವು ಕೇಂದ್ರಗಳಲ್ಲಿ (ಪಂಚಾಯಿತಿ ಗ್ರಂಥಾಲಯಗಳಲ್ಲಿ) ಶಾಲೆಯ ಮಕ್ಕಳು ಬರುವ ಮುಂಚೆ, ಬೆಳಿಗ್ಗೆ 10ರಿಂದ 12ರವರೆಗೆ, ಒಂದು ಯಂತ್ರವನ್ನು ಇವರಿಗೆ ಬಿಡಬಹುದು. ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ ಹಾಕಲಿ. ಪ್ಲಾಸ್ಟಿಕ್ ಸ್ಟೂಲು ಬೇಡ.

– ಕರಡು ತಿದ್ದುವ ಕೆಲವು ಹವ್ಯಾಸಿಗಳು, ಮೈಸೂರು