ಪುಟ್ಟನಿಗೆ ಅತ್ತೆಯ ಪತ್ರ: ಪಟ್ಟಿಯಲ್ಲಿ ಬಿಟ್ಟುಹೋಗುವವರ ಬಗ್ಗೆ

ಮಾಟುಂಗಾ, ಮುಂಬೈ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸಮಾಚಾರ, ನಿನ್ನಪ್ಪನ ಮೊಣಕಾಲಿನ ವಿಷಯ ಎಲ್ಲ ಫೋನಿನಲ್ಲಿ ಮಾತಾಡಿ ಆಗಿದೆ, ಅದು ಬಿಡು. ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ನಮ್ಮ ಬಳಗದ ಸದಸ್ಯರ ಎಕ್ಸೆಲ್ ಪಟ್ಟಿಯನ್ನು ಥಂಡರ್‌ಬರ್ಡ್ ಅನ್ನುವ ಇಮೇಲ್ ಪ್ರೋಗ್ರಾಂಗೆ ಹಾಕುವಾಗ ಒಂದು ಹೆಸರು ಬಿಟ್ಟುಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅದೇ ಭಯ ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ.

ಹೆದರಬೇಡ ಅಂತ ಎರಡು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಿನ್ನ ಭಯ ಸರಿಯಾಗಿಯೇ ಇದೆ. ಕರೆಯೋಲೆಯಲ್ಲಿ ತಾರೀಕು ತಪ್ಪಿದರೆ ಹತ್ತು ಜನ ಫೋನ್ ಮಾಡಿ ಹೇಳುತ್ತಾರೆ. ಕರೆಯೋಲೆಯೇ ತಲುಪದವರು ಏನಂತ ಹೇಳುತ್ತಾರೆ? ಕಾರ್ಯಕ್ರಮ ಇದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಆಮೇಲೆ ಗೊತ್ತಾದರೂ ನಮ್ಮ ಜನ ಬಾಯಿ ಬಿಟ್ಟು ಕೇಳುವವರಲ್ಲ.

ಗಿರ್ಗಾಂವ್ ಚಾಳಿನಲ್ಲಿದ್ದಾಗ ಬಳಗದ ಲಕೋಟೆಗಳಿಗೆ ವಿಳಾಸ ಬರೆಯುವವಳು ನಾನೇ. ಆಗ ಕೊನೆಗೆ ಬಾಂಬೆ-4 ಅಂತ ಬರೆದರೆ ಸಾಕಿತ್ತು. 1972ರಲ್ಲಿ ಪಿನ್ ಕೋಡ್ ಬಂತು. ಗಿರ್ಗಾಂವ್ 400004 ಆಯಿತು, ಮಾಟುಂಗಾದ 19 ಹೋಗಿ 400019. ಬಳಗದ ವಿಳಾಸದ ರಿಜಿಸ್ಟರ್ ಪೂರ್ತಿ ಹೊಸದಾಗಿ ಬರೆಸಿದರು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಇಳಿಸುವಾಗಲೇ ಜನ ಕಳೆದುಹೋಗುವುದು, ಪುಟ್ಟಾ. ಪಕ್ಕದ ಖೋಲಿಯ ಅಕ್ಕ ಅಷ್ಟು ಹೊತ್ತಿಗೆ ಡೊಂಬಿವಲಿಗೆ ಮನೆ ಬದಲಾಯಿಸಿದ್ದರು. ಹೊಸ ರಿಜಿಸ್ಟರಿನಲ್ಲಿ ಅವರ ಹಳೆಯ ವಿಳಾಸವೂ ಇಲ್ಲ, ಹೊಸದೂ ಇಲ್ಲ. ಸಾಲೇ ಇಲ್ಲ. ವರ್ಷಗಳ ಮೇಲೆ ಕಲ್ಯಾಣ್ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಸಿಕ್ಕಿದರು. ನನ್ನ ಕೈ ಹಿಡಿದುಕೊಂಡು, "ಬಳಗ ನಿಂತುಹೋಯಿತಂತಲ್ಲ, ಪಾಪ, ಎಷ್ಟು ಚೆನ್ನಾಗಿ ನಡೀತಿತ್ತು" ಅಂದರು. ನಿಂತುಹೋಗಿದೆ ಅಂತಲೇ ಅವರು ತಿಳಿದುಕೊಂಡಿದ್ದರು. ಮುಂದಿನ ಸಲ ಕರೆಯೋಲೆ ಹೋಯಿತು, ಅವರು ಬರಲಿಲ್ಲ. ಅವತ್ತೇ ಅವರ ಜೊತೆ ಡೊಂಬಿವಲಿಯಲ್ಲಿ ಇಳಿದು ಮನೆವರೆಗೆ ಹೋಗಿ ಕೂತು ಮಾತಾಡಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ನಿನ್ನ ಕೆಲಸಕ್ಕೆ ಬರೋಣ. ಕಂಪ್ಯೂಟರ್ ವಿಷಯ ನಿನಗೆ ನಾನು ಹೇಳಬೇಕಾ ಅಂತ ಸಂಕೋಚ ಆಗುತ್ತದೆ. ಆಫೀಸಿನ ಕೊನೆಯ ವರ್ಷಗಳಲ್ಲಿ ದಿನವೆಲ್ಲ ಎಕ್ಸೆಲ್ ಮುಂದೆಯೇ ಕೂತವಳು, ಅಷ್ಟು ಮಾತ್ರ ಹೇಳುತ್ತೇನೆ. ಗೊತ್ತಿದ್ದರೆ ಬಿಟ್ಟುಬಿಡು.

ಹೆಸರಿನ ಕಾಲಂ ಒಂದನ್ನೇ ಹಿಡಿದು ಅಕಾರಾದಿ ಮಾಡಬೇಡ. ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲಾ ಅಂತ ಎಕ್ಸೆಲ್ ಕೇಳುತ್ತದೆ. ಅವಸರದಲ್ಲಿ ಬೇಡ ಅಂದರೆ ಹೆಸರುಗಳು ಮಾತ್ರ ಮೇಲೆ ಕೆಳಗೆ ಆಗುತ್ತವೆ, ಇಮೇಲ್ ಇದ್ದಲ್ಲೇ ಇರುತ್ತದೆ. ಎಣಿಸಿದರೆ ಲೆಕ್ಕ ಸರಿ. ಪಟ್ಟಿ ನೋಡಲೂ ಚೆನ್ನಾಗಿರುತ್ತದೆ. ಒಳಗೆ ಮಾತ್ರ ಎಲ್ಲರೂ ಇನ್ನೊಬ್ಬರ ಮನೆಯಲ್ಲಿ ಕೂತಂತೆ. ಹೀಗೆ ಆದದ್ದು ಎಣಿಕೆಯಿಂದ ಸಿಗುವುದಿಲ್ಲ. ನಿನಗೆ ಚೆನ್ನಾಗಿ ಗೊತ್ತಿರುವ ನಾಲ್ಕೈದು ಜನರ ಸಾಲನ್ನು ಮೊದಲೂ ಆಮೇಲೂ ಪಕ್ಕಪಕ್ಕ ಇಟ್ಟು ನೋಡಬೇಕು. ಪಟ್ಟಿಯ ಮೇಲಿನಿಂದ ಒಬ್ಬರು, ನಡುವಿನಿಂದ ಒಬ್ಬಿಬ್ಬರು, ಕಟ್ಟಕಡೆಯವರು ಒಬ್ಬರು.

ಮೇಲಿನವರು ಅಂದಾಗ ನೆನಪಾಯಿತು. ಮೊದಲ ಸಾಲಿನಲ್ಲಿ ತಲೆಬರಹ ಇದೆ ಅಂತ ಥಂಡರ್‌ಬರ್ಡ್‌ನಲ್ಲಿ ಒಂದು ಟಿಕ್ ಇರುತ್ತದಲ್ಲ, ಅದನ್ನು ನೋಡಿಕೋ. ತಲೆಬರಹ ಇಲ್ಲದ ಪಟ್ಟಿಗೆ ಆ ಟಿಕ್ ಹಾಕಿದರೆ ಮೊದಲ ಸಾಲಿನಲ್ಲಿದ್ದವರೇ ಮಾಯ. ನೀನು ಹೆದರುವುದು ಇದಕ್ಕೇ ಅಲ್ವಾ? ಒಬ್ಬರೇ ಒಬ್ಬರು, ಸದ್ದಿಲ್ಲದೆ. ಅದೇ ಪರದೆಯಲ್ಲಿ ಯಾವ ಕಾಲಂ ಎಲ್ಲಿಗೆ ಹೋಗಬೇಕು ಅಂತ ಜೋಡಿಸುವುದು ಇರುತ್ತದೆ. ಜೋಡಿಸದೆ ಬಿಟ್ಟ ಕಾಲಂ ಒಳಗೆ ಬರುವುದಿಲ್ಲ.

ಎಕ್ಸೆಲ್ ಪಟ್ಟಿಯನ್ನು ಥಂಡರ್‌ಬರ್ಡ್ ಓದುವಂಥ ಸಿಎಸ್‌ವಿ ಫೈಲ್ ಮಾಡುವಾಗ ಯುಟಿಎಫ್-8 ಅಂತ ಇರುವುದನ್ನೇ ಆರಿಸು, ಕನ್ನಡ ಅಕ್ಷರ ಉಳಿಯುವುದು ಅದರಲ್ಲಿ. ಸುಮ್ನೆ ಸಿಎಸ್‌ವಿ ಅಂತ ಇರುವುದನ್ನು ಒತ್ತಿದರೆ ಕನ್ನಡದಲ್ಲಿ ಬರೆದ ಹೆಸರೆಲ್ಲ ಸಾಲಾಗಿ ????? ಆಗುತ್ತದೆ. ಆ ಪ್ರಶ್ನೆ ಚಿಹ್ನೆಗಳಿಂದ ಮತ್ತೆ ಹೆಸರು ಹುಟ್ಟುವುದಿಲ್ಲ. ಅದಕ್ಕೇ ಮೂಲ ಫೈಲನ್ನು ಮುಟ್ಟಬೇಡ, ನಕಲು ಇಟ್ಟುಕೊಂಡು ಕೆಲಸ ಮಾಡು. ಥಂಡರ್‌ಬರ್ಡ್‌ನಲ್ಲೂ ಇರುವ ವಿಳಾಸ ಪುಸ್ತಕಕ್ಕೆ ಸೇರಿಸದೆ ಹೊಸದೊಂದನ್ನು ಮಾಡಿ ಅದಕ್ಕೆ ಹಾಕು. ಹಾಳಾದರೆ ಅಷ್ಟನ್ನೇ ಅಳಿಸಿ ಮತ್ತೆ ಶುರು ಮಾಡಬಹುದು.

ಇದೆಲ್ಲಕ್ಕಿಂತ ನನಗೆ ಜಾಸ್ತಿ ಚಿಂತೆ ಬೇರೆ. ಪಟ್ಟಿ ಒಳಗೆ ಬಂದ ಮೇಲೆ ಒಂದೇ ಹೆಸರು ಎರಡು ಸಲ ಕಾಣುತ್ತದೆ. ಚೊಕ್ಕಟ ಮಾಡೋಣ ಅಂತ ನಿನಗೆ ಕೈ ತುರಿಸುತ್ತದೆ. ಅಳಿಸಬೇಡ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ಎಷ್ಟು ಮನೆಗಳಲ್ಲಿದೆ! ಗಂಡ ಹೆಂಡತಿ ಒಂದೇ ಇಮೇಲ್ ಇಟ್ಟುಕೊಂಡವರೂ ಇದ್ದಾರೆ. ನಮ್ಮ ರಿಜಿಸ್ಟರಿನಲ್ಲಿ ಬರೀ ಬಿ. ರಾವ್ ಅಂತ ಮೂರು ಕಡೆ ಇತ್ತು. ಯಾರು ಯಾರು ಅಂತ ಬಳಗದ ಖಜಾಂಚಿಗಳಿಗೆ ಬಾಯಿಪಾಠ. ಒಬ್ಬರು ಹೋಟೆಲಿನವರು, ಒಬ್ಬರು ಮಿಲ್ಲಿನವರು, ಮೂರನೆಯವರು ರಾತ್ರಿಶಾಲೆಯ ಮಾಸ್ತರು. ಖಜಾಂಚಿಗಳು ಇದ್ದಾಗ ಯಾರೂ ಕೂತು ಕೇಳಿ ಬರೆದುಕೊಳ್ಳಲಿಲ್ಲ. ಅವರ ಜೊತೆಗೇ ಅದು ಹೋಯಿತು. ಹೊಟ್ಟೆ ಉರಿಯುತ್ತದೆ ಪುಟ್ಟಾ, ನೆನೆಸಿಕೊಂಡರೆ. ಎರಡು ಸಲ ಬಂದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಇಬ್ಬರಿಗೆ ಎರಡೆರಡು ಮೇಲ್ ಹೋದರೆ ಬೇಜಾರು ಮಾಡಿಕೊಳ್ಳುವವರು ಯಾರೂ ಇಲ್ಲ.

ಇನ್ನೊಂದು. ಇಮೇಲ್ ಜಾಗ ಖಾಲಿ ಇರುವ ಸಾಲುಗಳೂ ಒಳಗೆ ಬರುತ್ತವೆ. ಲೆಕ್ಕದಲ್ಲಿ ಅವರು ಇರುತ್ತಾರೆ, ಮೇಲ್ ಮಾತ್ರ ಹೋಗುವುದಿಲ್ಲ. ಅವರೆಲ್ಲ ನನ್ನ ವಯಸ್ಸಿನವರು. ಆ ಸಾಲುಗಳನ್ನು ಬೇರೆ ಮಾಡಿ ಫೋನ್ ನಂಬರ್ ಸಮೇತ ನನಗೆ ಕೊಡು, ನಾನೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ಕಳಿಸುವ ಮುಂಚೆ ನಂಬರ್ ಒಂದು ಸಲ ನೋಡು. 91 ಸೇರಿಸಿ ಬರೆದ ಮೊಬೈಲ್ ನಂಬರ್ ಎಕ್ಸೆಲ್‌ನಲ್ಲಿ 9.19E+11 ಥರ ಕಾಣುತ್ತದೆ, ಸಿಎಸ್‌ವಿಗೂ ಹಾಗೆಯೇ ಹೋಗಿಬಿಡುತ್ತದೆ. ಆ ಕಾಲಂ ಅನ್ನು ನಂಬರ್ ಅಂತ ಮಾಡಿ ದಶಾಂಶ ಸೊನ್ನೆ ಇಟ್ಟರೆ ಅಂಕಿ ಪೂರ್ತಿ ಕಾಣುತ್ತದೆ. ಲ್ಯಾಂಡ್‌ಲೈನ್ ಇರುವವರದು 022ರ ಮೊದಲ ಸೊನ್ನೆ ಹಾರಿಹೋಗಿರುತ್ತದೆ, ಅದನ್ನು ನಾನು ಸೇರಿಸಿಕೊಳ್ಳುತ್ತೇನೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸು. ಭಾನುವಾರ ನಿನ್ನಪ್ಪ ಪುಣೆಯಿಂದ ಬರುವಾಗ ಅವನ ಕೈಯಲ್ಲಿ ಕೊಟ್ಟು ಕಳಿಸು.

ಇತಿ,
ನಿನ್ನ ಅತ್ತೆ