ಲಕ್ಷ್ಮೀಸಾಗರದ ನೊರೆ ನೆನಪಿದೆಯಾ?

ಗೆಳೆಯಾ,

ಮೊನ್ನೆ ರಾತ್ರಿ ನೀನು ಕಳಿಸಿದ ಆಡಿಯೊ ಎರಡು ಸಲ ಕೇಳಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿರುವುದೇ ಕೋಲಾರದ ಜಮೀನು ಕೆಡಿಸೋಕೆ, ಆಮೇಲೆ ಅದನ್ನು ಕಡಿಮೆ ಬೆಲೆಗೆ ಕಂಪನಿಗಳಿಗೆ ಕೊಡಿಸೋಕೆ ಅನ್ನುತ್ತಾರೆ ಅದರಲ್ಲಿ ಒಬ್ಬರು. ಅದೇ ಮಾತನ್ನು, ಹೆಚ್ಚು ಕಡಿಮೆ ಅದೇ ದನಿಯಲ್ಲಿ, 2018ರಲ್ಲಿ ನಾನು ಕೋಲಾರದ ಬಸ್ ಸ್ಟ್ಯಾಂಡ್ ಮುಂದೆ ನಿಂತು ಕೂಗಿದ್ದೆ. ನೀನು ಪಕ್ಕದಲ್ಲಿ ಕರಪತ್ರ ಹಂಚುತ್ತಿದ್ದೆ.

ಆ ವರ್ಷ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಟೀವಿಯಲ್ಲಿ ನೋಡಿದ್ದ ನಮಗೆ ಬೇರೆ ಸಾಕ್ಷಿಯೇ ಬೇಡವಾಯಿತು. ಹೈಕೋರ್ಟ್ ತಡೆ ಕೊಟ್ಟಾಗ ಗೆದ್ದೆವು ಅಂದುಕೊಂಡೆವು. ಆಮೇಲೆ ನೀರು ಮತ್ತೆ ಹರಿಯಿತು. ಆಗ ಕೋರ್ಟೂ ಸಂಚಿನಲ್ಲಿ ಸೇರಿದೆ ಅಂದೆವು. ಈಗ ಯೋಚಿಸಿದರೆ ನನಗೆ ಭಯ ಆಗುವುದು ಇಲ್ಲೇ. ನಮ್ಮ ಮಾತಿಗೆ ವಿರುದ್ಧ ಏನು ಬಂದರೂ ಅದೂ ಸಂಚಿನ ಭಾಗವೇ ಆಗಿಬಿಡುತ್ತಿತ್ತು. ನಾವು ತಪ್ಪು ಅಂತ ನಮಗೆ ಗೊತ್ತಾಗೋಕೆ ಒಂದು ದಾರಿಯನ್ನೂ ಉಳಿಸಿರಲಿಲ್ಲ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಕೆರೆ ಕಟ್ಟೆಯ ಮೇಲೆ ಒಬ್ಬ ಇಂಜಿನಿಯರ್ ನೀರಿನ ಪರೀಕ್ಷೆಯ ಹಾಳೆ ಕೊಟ್ಟರಲ್ಲ, ನಾನು ಎಲ್ಲರ ಮುಂದೆ ಅದನ್ನು ಹರಿದು ಹಾಕಿದೆನಲ್ಲ, ಅಂಥದ್ದೇ ಒಂದು ಹಾಳೆ ಮೂರು ವರ್ಷದ ನಂತರ ನನ್ನ ಕೈಗೆ ಸಿಕ್ಕಿತು. ಕೂತು ಓದಿದೆ. ಫಾಸ್ಫೇಟ್ ಅಂತ ಒಂದು ಸಾಲಿತ್ತು. ನೊರೆ ಏಳಿಸುವುದು ನಮ್ಮ ಬಟ್ಟೆ ಸೋಪಿನ ಪುಡಿಯಲ್ಲಿರುವ ಸೋಪಿನಂಶ, ಅದರ ಜೊತೆ ಫಾಸ್ಫೇಟೂ ಬರುತ್ತದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದರೆ ಇವು ಪೂರ್ತಿ ಹೋಗುವುದಿಲ್ಲ, ಮೂರನೇ ಹಂತ ಬೇಕು. ಅಂದರೆ ನಾವು ಕೇಳಬೇಕಿದ್ದ ಪ್ರಶ್ನೆ ಆ ಹಾಳೆಯಲ್ಲೇ ಇತ್ತು! ಸುಳ್ಳು ಅಂತ ಹರಿದು ಎಸೆದೆವು. ಜಮೀನಿನ ಸಂಚು ಅಂತ ಕೂಗಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಮೂರನೇ ಹಂತ ಯಾವಾಗ, ದುಡ್ಡು ಎಷ್ಟು ಅಂತ ಕೇಳಿದ್ದರೆ ಯಾರಾದರೂ ಒಬ್ಬರು ಉತ್ತರ ಕೊಡಲೇಬೇಕಿತ್ತು.

ಸಂಚುಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ ಕಣೋ. 2010ರಲ್ಲಿ ಬೇಲೆಕೇರಿ ಬಂದರಿನಿಂದ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರೇ ಮಾಯವಾಗಿತ್ತಲ್ಲ. ಅದು ನಿಜವಾದ ಸಂಚು. ಆದರೆ ಅಲ್ಲಿ ಪರ್ಮಿಟ್ಟು, ಲಾರಿ, ಹಡಗು, ಬ್ಯಾಂಕ್ ಲೆಕ್ಕ ಇತ್ತು. 2011ರ ಲೋಕಾಯುಕ್ತ ವರದಿ ನಿಂತಿದ್ದೇ ಇಂಥ ಕಾಗದಗಳ ಮೇಲೆ. ನಿನ್ನ ಆಡಿಯೊದಲ್ಲಿ ಮಾತಾಡಿದವರ ಹೆಸರಿಲ್ಲ, ಯಾವ ಊರಿನ ಕೆರೆ ಅಂತಿಲ್ಲ, ದಿನಾಂಕವೂ ಇಲ್ಲ. ಯಾರಿಗೆ ಲಾಭ ಅನ್ನುವುದೊಂದೇ ಇದೆ. ಲಾಭ ಆಗುವವರೆಲ್ಲ ಮಾಡಿಸಿದವರು ಆಗಲ್ಲ, ಅಲ್ವಾ?

ಇನ್ನೊಂದು ಲೆಕ್ಕ ನೋಡು. 2018ರಿಂದ ಈಚೆಗೆ ಸರ್ಕಾರಗಳು ಬದಲಾದವು. ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಪಕ್ಷದವರು ಬಂದುಹೋದರು, ಒಬ್ಬರೂ ನೀರು ನಿಲ್ಲಿಸಲಿಲ್ಲ. ಒಬ್ಬರನ್ನೊಬ್ಬರು ಜೈಲಿಗೆ ಕಳಿಸೋಕೆ ಕಾಯುವ ಇವರೆಲ್ಲ ಈ ಒಂದು ಗುಟ್ಟನ್ನು ಮಾತ್ರ ಒಟ್ಟಿಗೆ ಕಾಪಾಡಿದರು ಅಂತ ನಂಬೋದು ನನ್ನಿಂದ ಇನ್ನು ಆಗಲ್ಲ. ಅದೂ ಅಲ್ಲದೆ ಯೋಜನೆಯ ಮೊದಲ ಹಂತದ 126 ಕೆರೆಗಳ ಸುತ್ತ ಅಂತರ್ಜಲ ಏರಿದ ಕಡೆ ರೈತ ಜಮೀನು ಮಾರುತ್ತಾನಾ? ನಮ್ಮ ಚಿಕ್ಕಪ್ಪ 1,200 ಅಡಿ ಕೊರೆಸಿಯೂ ಬರೀ ಧೂಳು ನೋಡಿದವರು. ಪಕ್ಕದ ಕೆರೆ ತುಂಬಿದ ಮೇಲೆ ಹಳೇ ಬೋರ್‌ವೆಲ್‌ನಲ್ಲಿ ನೀರು ಬಂದ ದಿನ ಮೋಟಾರ್ ಪಕ್ಕದಲ್ಲೇ ಕೂತು ಅತ್ತರು. ಆ ನೀರಲ್ಲಿ ಬೆಳೆದ ಟೊಮೆಟೊ ತಿನ್ನಬಹುದಾ ಅಂತಲೂ ಅವರೇ ಕೇಳಿದರು. ಎರಡೂ ನಿಜ. ಇಪ್ಪತ್ತನೇ ವಯಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಕೆ ನನಗೆ ಬರುತ್ತಿರಲಿಲ್ಲ.

ನಿನ್ನ ಸಿಟ್ಟು ಸುಳ್ಳು ಅಂತ ನಾನು ಯಾವತ್ತೂ ಅನ್ನಲ್ಲ. ಬೆಂಗಳೂರಿನ ಕೊಳಚೆ ನಮಗೆ ಯಾಕೆ ಅನ್ನುವ ನೋವು ನನಗೂ ಅಷ್ಟೇ ಇದೆ. ಆ ಆಡಿಯೊ ಮುಂದಕ್ಕೆ ಕಳಿಸಬೇಡ. ಭಾನುವಾರ ಬಾ, ಇಬ್ಬರೂ ಕೂತು ಮಾಹಿತಿ ಹಕ್ಕು ಅರ್ಜಿ ಹಾಕೋಣ. ಹೋದ ವರ್ಷ ಯಾವ ಕೆರೆಯ ನೀರನ್ನು ಎಷ್ಟು ಸಲ ಪರೀಕ್ಷೆ ಮಾಡಿದರು, ಏನು ಬಂತು, ಅಷ್ಟೇ ಕೇಳೋಣ. ಫೀಸು 10 ರೂಪಾಯಿ, 150 ಪದದೊಳಗೆ ಮುಗಿಸಬೇಕು. ಕರಪತ್ರ ಬರೆಯುತ್ತಿದ್ದವನು ನೀನೇ, ಇದನ್ನೂ ನೀನೇ ಬರಿ.