ಮಂಗಳವಾರದ ಡಾಕ್ಟರು ಎಲ್ಲಿ, ಶಾಸಕರೇ?

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆಯ ಘಟ್ಟದಂಚಿನ ಊರಿನವಳು, ನಿಮ್ಮದೇ ಮತದಾರಳು. ಹೋದ ಚುನಾವಣೆಯಲ್ಲಿ ನೀವು ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದಿರಿ. ಲೋಟ ತಂದುಕೊಟ್ಟವನು ನನ್ನ ತಮ್ಮ. ಅವನ ಕೈ ನಡುಗಿ ಕಾಫಿ ಚೆಲ್ಲಿತು. ನೀವು ನಕ್ಕಿರಿ. ಅದು ಚಳಿಯ ನಡುಕ ಅಲ್ಲ ಸ್ವಾಮಿ.

ಕೇಳುವುದು ಒಂದೇ: ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮ ಸರ್ಕಾರದ್ದೇ. ನಿಮಗೆ ನಾನು ವಿವರಿಸಬೇಕಾಗಿಲ್ಲ.

2019ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದ ಅರ್ಧ ಗುಡ್ಡದ ಸಮೇತ ಹಳ್ಳಕ್ಕೆ ಇಳಿಯಿತು. ಅಪ್ಪ ನೆಟ್ಟ ಗಿಡಗಳು. ತಮ್ಮ ಅಳಲಿಲ್ಲ. ಮಳೆ ಜೋರಾದ ರಾತ್ರಿಯೆಲ್ಲ ಟಾರ್ಚ್ ಹಿಡಿದು ಉಳಿದ ಗುಡ್ಡ ನೋಡುತ್ತಾ ನಿಲ್ಲುತ್ತಿದ್ದ. ನಿದ್ದೆ ಬರಲಿ ಅಂತ ಒಂದು ಕ್ವಾರ್ಟರ್ ಶುರು ಮಾಡಿದ. ಆಮೇಲೆ ಬೆಳಿಗ್ಗೆ ನಡುಕ ನಿಲ್ಲಲಿ ಅಂತ ಇನ್ನೊಂದು. ಊರವರು ಕುಡಿದು ಹಾಳಾದ ಅಂತಾರೆ. ಅವನು ಹಾಳಾದದ್ದು ಮೊದಲು, ಕುಡಿದದ್ದು ಆಮೇಲೆ.

ದೊಡ್ಡಪ್ಪ ದೇವರ ಮುಂದೆ ಆಣೆ ಹಾಕಿಸಿ, ಕೋಣೆಗೆ ಚಿಲಕ ಹಾಕಿಸಿದರು. ಎರಡನೇ ರಾತ್ರಿ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡು ದಿಂಬೆಲ್ಲ ರಕ್ತ. ಕೈಗೆ ಬೀಗದಕೈ ಗೊಂಚಲು ಹಿಡಿಸುತ್ತಾ ಕೂತೆವು, ನಮಗೆ ಗೊತ್ತಿದ್ದುದು ಅಷ್ಟೇ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವವೇ ಹೋಗಬಹುದು, ಔಷಧಿ ಕೊಟ್ಟೇ ಬಿಡಿಸಬೇಕು ಅಂತ ಆಮೇಲೆ ಒಬ್ಬ ಡಾಕ್ಟರು ಹೇಳಿದರು. ಲಿವರ್ ಊದಿದೆಯಂತೆ. ಊಟ ಬಿಟ್ಟು ಕುಡಿದದ್ದಕ್ಕೆ ಬಿ1 ವಿಟಮಿನ್ ಕಮ್ಮಿಯಾಗಿ ಕಾಲು ಜೋಮು ಹಿಡಿಯುತ್ತಿದೆಯಂತೆ. ಮನಸ್ಸಿನದ್ದನ್ನು ನೋಡಲು ಮಂಗಳವಾರ ತಾಲ್ಲೂಕಿಗೇ ಹೋಗಿ ಅಂದರು.

ಹೋದೆವು. ಎಂಟೂವರೆ ಬಸ್ಸು, ಹಳೇ ಚೀಟಿಯೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ. ಬಾಗಿಲಿಗೆ ಬೀಗ, ಪಕ್ಕದಲ್ಲೇ ‘ಪ್ರತಿ ಮಂಗಳವಾರ’ ಅಂತ ಬೋರ್ಡು. ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರವೂ ಅದೇ ಮಾತು. ಮೂರನೇ ಸಲ ಅಲ್ಲಿದ್ದವರೊಬ್ಬರು, “ನೀವೇ ಸ್ವಲ್ಪ ಬುದ್ಧಿ ಹೇಳಿ” ಅಂದರು. ಫಿಟ್ಸಿಗೆ ಬುದ್ಧಿ! ತಮ್ಮ ಏನೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಟಿಕೆಟ್ಟಿಗೆ ಚಿಲ್ಲರೆ ಹುಡುಕುವಷ್ಟರಲ್ಲಿ ಕಾಣೆಯಾದ. ಆ 90 ಎಂಎಲ್ ಮದ್ಯದ ಪ್ಯಾಕೆಟ್ಟು ಮಾತ್ರ ನಮ್ಮೂರ ಕಿರಾಣಿ ಅಂಗಡಿಯಲ್ಲೂ ಬೆಳಿಗ್ಗೆ ಆರಕ್ಕೇ ಸಿಗುತ್ತದೆ, ಲೈಸೆನ್ಸೂ ಇಲ್ಲ, ಬೋರ್ಡೂ ಇಲ್ಲ. ಯಾವತ್ತೂ ಮುಂದಿನ ವಾರ ಬಾ ಅಂದಿಲ್ಲ. 2007ರಲ್ಲಿ ಸಾರಾಯಿ ನಿಂತಾಗ ಅಮ್ಮ ಪಾಯಸ ಮಾಡಿದ್ದಳು, ಪಾಪ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದೆ, ಸಿಗ್ನಲ್ಲಿಗೆ ಗುಡ್ಡ ಹತ್ತಿ. ಸಮಾಧಾನವಾಗಿ ಮಾತಾಡಿದರು. ಹತ್ತಿರದ ಮನೋವೈದ್ಯರಿಗೆ ತೋರಿಸಿ ಅಂದರು!

ನಿಮ್ಹಾನ್ಸಿಗೆ ಹೋಗಿ ಅನ್ನಬೇಡಿ. ತೋಟ ಬಿಟ್ಟು ಬೆಂಗಳೂರಿನಲ್ಲಿ ಎಷ್ಟು ದಿನ ಇರಲಿ? ಹೊಸ ಕಟ್ಟಡ, ಶಂಕುಸ್ಥಾಪನೆಯ ಕಲ್ಲು ಯಾವುದೂ ಬೇಡ. ಮಂಗಳವಾರ ಡಾಕ್ಟರು ಬೇಕು, ಜೊತೆಗೆ ಇವನ ಮಾತು ಕೇಳಿಸಿಕೊಳ್ಳುವ ಒಬ್ಬ ಆಪ್ತಸಮಾಲೋಚಕರು.

ಬರುವ ಮಂಗಳವಾರವೂ ಅದೇ ಎಂಟೂವರೆ ಬಸ್ಸಿಗೆ ಹೊರಡುತ್ತೇವೆ. ಇವನು ಬರಲು ಇನ್ನೂ ಒಪ್ಪುತ್ತಿದ್ದಾನೆ. ಡಾಕ್ಟರನ್ನು ಕಳಿಸಿ.

ಇಂತಿ,
ಕಾಫಿ ಚೆಲ್ಲಿದವನ ಅಕ್ಕ